ಏಳನೇ ನಂಬರಿನ ಮೂಳೆ

ಪಾದ್ರಿಯಮ್ಮ ಎರಡನೆಯ ಹಾಳೆ ತಿರುವಿ ಮುಂದಿನ ಸಾಲು ಓದಿದ್ದೇ ತಡ, ಮೂರನೆಯ ಬೆಂಚಿನಲ್ಲಿದ್ದ ಲೊರೆನ್ಸ್ ಅಮ್ಮೆಟರನ ಕೈಯಿಂದ ಹಾಡಿನ ಪುಸ್ತಕ ಜಾರಿ ಕಲ್ಲುಹಾಸಿನ ಮೇಲೆ ಧಪ್ಪನೆ ಬಿತ್ತು.

ಪಾದ್ರಿಯಮ್ಮ ತಲೆಯೆತ್ತಿ ನೋಡಿದರು. ಆ ಸಾಲನ್ನೇ ಮತ್ತೆ ಓದಿದರು.

“‘ಎಂಟು ವರ್ಷದ ಕೆಳಗೆ ನನ್ನ ಸೊಂಟದ ಆಪರೇಷನ್ನಿನಲ್ಲಿ ತೆಗೆದ ಮೂಳೆಯ ತುಂಡನ್ನು ನಮ್ಮ ಪ್ರಯೋಗಾಲಯಕ್ಕೇ ಕೊಡಿಸಿದೆ. ಅದೇ ಏಳನೇ ನಂಬರು. ಲೊರೆನ್ಸ್‌ಗೆ ಇದು ಗೊತ್ತಿಲ್ಲ. ಗೊತ್ತಾದರೆ ಅವನ ಕೈ ಓಡುವುದಿಲ್ಲ.’”

ಸತ್ತವರ ಬದುಕನ್ನು ಚರ್ಚಿನಲ್ಲಿ ಓದಿ ಹೇಳುವುದು ಥೂನ್ ಊರಿನ ಪದ್ಧತಿ. ಮನೆಯವರು ಬರೆದುಕೊಡುತ್ತಾರೆ. ರೆಗುಲಾ ಜುರ್ಬುಖೆನ್ ಮಾತ್ರ ತನ್ನದನ್ನು ತಾನೇ ಬರೆದು, ಒಂದೊಂದು ಆಪರೇಷನ್ನಿಗೂ ಮೊದಲು ತಿದ್ದಿ, ಲಕೋಟೆಗೆ ಹಾಕಿ ಅಂಟಿಸಿಡುತ್ತಿದ್ದಳಂತೆ. ಮನೆಯವರೂ ಅದನ್ನು ಒಡೆದಿರಲಿಲ್ಲ.

ಹೋದ ಮಂಗಳವಾರ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿಂತಲ್ಲೇ ಕುಸಿದಿದ್ದಳು. ಕೈಯಲ್ಲಿ ತನಗೂ ಲೊರೆನ್ಸ್‌ಗೂ ಆಗುವಷ್ಟು ಬ್ರೆಡ್ಡಿನ ಚೀಲ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಯಸ್ಸು ಐವತ್ತೆರಡು. ಅಂದಿನಿಂದ ಲೊರೆನ್ಸ್‌ಗೆ ಕಿವಿಯಲ್ಲಿ ನೀರು ತುಂಬಿಕೊಂಡ ಹಾಗಿತ್ತು. ಯಾರು ಏನು ಹೇಳಿದರೂ ದೂರದಿಂದ ಹೇಳಿದಂತೆ. ಈಗ ಈ ಮಾತೊಂದು ಮಾತ್ರ ಸ್ಪಷ್ಟವಾಗಿ ಒಳಗಿಳಿಯಿತು.

ಎಂಟು ವರ್ಷ ತಾನು ಒತ್ತಿದ್ದು, ಬೈದದ್ದು, ಇವಳನ್ನೇ.

*

ಪ್ರಯೋಗಾಲಯದಲ್ಲಿ ಅವರಿಬ್ಬರೂ ಕೆಲಸ ಮಾಡುವ ಕೋಣೆ ನೆಲಮಾಳಿಗೆಯಲ್ಲಿ. ಬೀದಿಯಲ್ಲಿ ಲಾರಿ ಹೋದರೆ ಅದರ ನಡುಕವೂ ಅವರ ಕೆಲಸ ಕೆಡಿಸುತ್ತಿತ್ತು. ಹತ್ತೊಂಬತ್ತು ವರ್ಷ ಅಲ್ಲೇ ಕಳೆದಿದ್ದರು. ಮೂಳೆಯನ್ನು ಕೊಯ್ದು, ಕನ್ನಡಿಯಂತೆ ಉಜ್ಜಿ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳನ್ನು ಕೆತ್ತುವುದು ರೆಗುಲಾಳ ಕೆಲಸ. ಆ ಕಂಬಗಳನ್ನು ವಜ್ರದ ಮೊನೆಯಿಂದ ಒತ್ತಿ, ಎಷ್ಟು ತಡೆಯುತ್ತವೆ ಎಂದು ಅಳೆಯುವುದು ಲೊರೆನ್ಸ್‌ನದು. ಹುಟ್ಟಿನಿಂದಲೇ ಮೂಳೆ ಮುರಿಯುವ ಕಾಯಿಲೆ ಇದ್ದ ಹನ್ನೆರಡು ಜನರ ಮೂಳೆಗಳವು. ಅಳೆಯುವವನಿಗೆ ಹೆಸರು ತಿಳಿಯಬಾರದೆಂದು ಬರೀ ನಂಬರು ಕೊಟ್ಟಿದ್ದರು.

ರೆಗುಲಾಗೂ ಅದೇ ಕಾಯಿಲೆ. ನಾಲ್ಕಡಿ ಎತ್ತರ. ಯಂತ್ರದ ಮುಂದೆ ಮರದ ಮಣೆ ಹಾಕಿಕೊಂಡು ನಿಲ್ಲುತ್ತಿದ್ದಳು. ಆ ಹನ್ನೆರಡರಲ್ಲಿ ಇವಳೂ ಇರಬಹುದೆಂದು ಲೊರೆನ್ಸ್‌ಗೆ ಒಂದು ದಿನವೂ ಹೊಳೆದಿರಲಿಲ್ಲ.

“ಇದ್ಯಾವ ಪುಣ್ಯಾತ್ಮನ ಮೂಳೆ ಮಾರಾಯ್ತಿ?” ಎಂದು ಏಳನೇ ನಂಬರು ಬಂದಾಗಲೆಲ್ಲ ರೇಗುತ್ತಿದ್ದ. “ಬಿಸ್ಕತ್ತು! ಅಂಚೆಲ್ಲ ಪುಡಿಪುಡಿ. ಎಸೀಲಾ?”

“ಎಸೆದ್ರೆ ನಿನ್ನ ಕಾಫೀಲಿ ಉಪ್ಪು ಹಾಕ್ತೀನಿ. ಬೈಬೇಡ, ಪಾಪ. ಕೇಳಿಸ್ಕೊಂಡೀತು.”

“ಮೂಳೆಗೆ ಕಿವಿ ಇದ್ಯಾ?”

“ಯಾರಿಗ್ಗೊತ್ತು,” ಎಂದು ಅವಳು ಬೆನ್ನು ತಿರುಗಿಸಿಕೊಂಡೇ ನಕ್ಕಿದ್ದಳು. “ಕೆಲವಕ್ಕೆ ಇರತ್ತೆ.”

ಅವಳು ಕುಸಿಯುವ ಹಿಂದಿನ ದಿನ, ಸೋಮವಾರ ಸಂಜೆ, ಏಳನೇ ನಂಬರಿನ ಕೊನೆಯ ಕಂಬವನ್ನು ಒತ್ತಿ ಮುಗಿಸಿದ್ದ. ಯಂತ್ರದ ಪರದೆಯ ಮೇಲೆ ಮೂಡಿದ ಗೆರೆಯನ್ನು ನಂಬಲಾಗದೆ ಎರಡು ಸಲ ಕಣ್ಣುಜ್ಜಿಕೊಂಡಿದ್ದ.

“ನಾಳೆ ನಿಂಗೊಂದು ತೋರಿಸ್ತೀನಿ,” ಎಂದ.

ಕೋಟಿನ ಗುಂಡಿ ಹಾಕುತ್ತಿದ್ದ ರೆಗುಲಾಳ ಕೈ ನಿಂತಿತ್ತು. “ಏಳನೇದಾ? ಈಗ್ಲೇ ತೋರ್ಸೋ.”

“ಇಲ್ಲ, ಇನ್ನೊಂದ್ಸಲ ಲೆಕ್ಕ ನೋಡ್ಬೇಕು. ನಾಳೆ.”

ಅವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ, “ಸರಿ, ಬ್ರೆಡ್ ನಾನು ತರ್ತೀನಿ,” ಎಂದು ಮೆಟ್ಟಿಲು ಹತ್ತಿದ್ದಳು.

*

ಚರ್ಚಿನ ಎದುರಿನ ಹೋಟೆಲಿನಲ್ಲಿ ಊಟ. ತಣ್ಣನೆಯ ಮಾಂಸ, ಆಲೂಗಡ್ಡೆಯ ಸಲಾಡು, ಜಡೆಯಂತೆ ಹೆಣೆದ ಬ್ರೆಡ್ಡು, ಬಿಳಿ ವೈನು. ಯಾರ ತಟ್ಟೆಯೂ ಖಾಲಿಯಾಗುತ್ತಿರಲಿಲ್ಲ.

“ಮುರಿಯತ್ತೆ, ಮುರಿಯತ್ತೆ ಅಂತ ಐವತ್ತು ವರ್ಷ ಹತ್ತೀಲಿ ಸುತ್ತಿಟ್ಕೊಂಡ್ವಿ,” ಎಂದಳು ರೆಗುಲಾಳ ಚಿಕ್ಕಮ್ಮ, ಚಮಚವನ್ನು ಸುಮ್ಮನೆ ತಿರುಗಿಸುತ್ತ. “ಕೊನೆಗೆ ಹರಿದಿದ್ದು ಎದೆ ಒಳಗಿನ ರಕ್ತನಾಳ. ಅದನ್ನ ಯಾರೂ ಕಾಯ್ತಾ ಇರ್ಲಿಲ್ವಲ್ಲ!”

“ಅದೂ ಆ ಕಾಯಿಲೆಯದ್ದೇ ಅಂತೆ ಚಿಕ್ಕಮ್ಮ,” ಎಂದ ತಮ್ಮ ಉಲಿ. ಬಡಗಿಯವನ ದಪ್ಪ ಬೆರಳುಗಳಿಂದ ಮುಖ ಒರೆಸಿಕೊಂಡು ಲೊರೆನ್ಸ್‌ನ ಕಡೆ ತಿರುಗಿದ. “ನಿಮ್ಮಾಣೆ ಸಾರ್, ನಮಗೂ ಇವತ್ತೇ ಗೊತ್ತಾಗಿದ್ದು. ನೀವು ಬೇಜಾರ್ ಮಾಡ್ಕೋಬೇಡಿ. ಅಮ್ಮ ನಿಮ್ಮನ್ನ ಕರೀತಿದಾರೆ.”

ಲೊರೆನ್ಸ್ ಎದ್ದು ಹೋದ.

ರೆಗುಲಾಳ ತಾಯಿ, ಎಂಬತ್ತೊಂದರ ಫ್ರೀಡಾ, ಕಿಟಕಿಯ ಪಕ್ಕ ನೆಟ್ಟಗೆ ಕೂತಿದ್ದಳು. ಅವಳ ಮುಂದಿನ ವೈನಿನ ಲೋಟ ತುಂಬಿದ್ದು ತುಂಬಿದಂತೇ ಇತ್ತು.

“ಕೂತ್ಕೋಪ್ಪ. ನೀನೇನಾ ಅವಳ ಮೂಳೆ ಮುರಿದವನು?”

“ನಂಗೆ ಗೊತ್ತಿರ್ಲಿಲ್ಲಮ್ಮ,” ಎಂದ. “ದೇವರಾಣೆಗೂ ಗೊತ್ತಿರ್ಲಿಲ್ಲ. ಬಿಸ್ಕತ್ತು ಅಂತ ಬೈದುಬಿಟ್ಟಿದೀನಿ, ಅವಳ ಎದುರಿಗೇ.”

“ಅದಿರ್ಲಿ. ಅವಳು ಮೂರು ತಿಂಗಳ ಕೂಸು, ಅಂಗಿ ತೊಡಿಸ್ತಾ ಇದ್ದೆ. ತೋಳು ಟಪ್ ಅಂತು. ಆಸ್ಪತ್ರೇಲಿ ಆ ಡಾಕ್ಟ್ರು, ಯಾವುದ್ರಲ್ಲಿ ಹೊಡೆದೆ ಅಂತ ಕೇಳಿದ. ಎರಡು ವಾರ ಕೂಸನ್ನ ನನ್ನ ಕೈಗೆ ಕೊಡ್ಲಿಲ್ಲ. ಆಮೇಲೆ ಕಾಯಿಲೆ ಅಂತ ಗೊತ್ತಾಯ್ತು, ಕೊಟ್ರು. ಆದ್ರೆ ನನ್ನ ಕೈಗೇ ಧೈರ್ಯ ಬರ್ಲಿಲ್ಲ. ಅವತ್ತಿಂದ ಅವಳನ್ನ ತಬ್ಬಿದ್ರೂ ಗಾಳೀನ ತಬ್ಬಿದ ಹಾಗೆ ತಬ್ತಿದ್ದೆ.” ಮುದುಕಿ ಅವನ ಮುಖವನ್ನೇ ನೋಡಿದಳು. “ನೀನು ಒಳಗೆಲ್ಲ ಒತ್ತಿ ನೋಡಿದೀಯಲ್ಲ. ನಿಜ ಹೇಳು. ಅಷ್ಟೊಂದು ಬಡವಾಗಿತ್ತಾ?”

ಲೊರೆನ್ಸ್ ತನ್ನ ತಲೆಯಿಂದ ಒಂದು ಕೂದಲು ಕಿತ್ತು ಬಿಳಿಯ ಮೇಜುಬಟ್ಟೆಯ ಮೇಲಿಟ್ಟ.

“ಇದನ್ನ ಉದ್ದಕ್ಕೆ ಹತ್ತು ಹದಿನೈದು ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರತ್ತೋ, ಅಷ್ಟೇ ದಪ್ಪದ ಕಂಬ ಅಮ್ಮ. ಅವಳೇ ಕೆತ್ತಿದ್ದು. ದೊಡ್ಡ ತುಂಡಾಗಿ ಕೊಯ್ದಾಗ ಪುಡಿಯಾಗ್ತಿತ್ತು, ಹೌದು. ಆದ್ರೆ ಅಷ್ಟು ಸಣ್ಣದಾದ್ಮೇಲೆ ಒತ್ತಿದೆ. ಇನ್ನೂ ಒತ್ತಿದೆ. ಬಾಗಿ ಕುಗ್ಗಿತು, ಬಿರುಕು ಬಿಡ್ಲಿಲ್ಲ. ಕಾಯಿಲೆ ಇಲ್ಲದವರ ಮೂಳೆ ಎಷ್ಟು ತಡೆಯತ್ತೋ ಅಷ್ಟೇ ತಡೀತು. ಒಂದು ಗುಂಜಿ ಹೆಚ್ಚೇ. ಸೋಮವಾರಾನೇ ಗೊತ್ತಾಗಿತ್ತು. ಕೇಳಿದ್ಲು. ನಾಳೆ ಹೇಳ್ತೀನಿ ಅಂದೆ.”

ಫ್ರೀಡಾ ಆ ಕೂದಲನ್ನು ಬೆರಳ ತುದಿಯಿಂದ ಒತ್ತಿ ನೋಡಿದಳು.

“ಎದ್ದೇಳು,” ಎಂದಳು.

ಅವನು ಎದ್ದ. ಅವಳೂ ಮೇಜಿಗೆ ಕೈಯೂರಿ ಎದ್ದು, ಎರಡೂ ತೋಳುಗಳಿಂದ ಅವನನ್ನು ಬಳಸಿ ಹಿಡಿದಳು. ಹಿಡಿತ ಬಿಗಿಯಾಯಿತು. ಇನ್ನೂ ಬಿಗಿಯಾಯಿತು. ಅವನ ಕನ್ನಡಕ ಅವಳ ಭುಜಕ್ಕೆ ಒತ್ತಿ ಸೊಟ್ಟಗಾಯಿತು, ಪಕ್ಕೆಲುಬು ನೋಯತೊಡಗಿತು.

“ಅಮ್ಮಾ, ಬಿಡಮ್ಮ,” ಉಲಿ ಓಡಿ ಬಂದ. “ಅವರಿಗೆ ಉಸಿರು ಕಟ್ಟತ್ತೆ.”

ಮುದುಕಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬೆರಳಿಗೆ ಬೆರಳು ಹೆಣೆದು ಹಿಡಿದೇ ನಿಂತಿದ್ದಳು.