ಎರಡು ಪಂದ್ಯಕ್ಕೆ ಒಂದೇ ಮೀಸೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಸಾಮಾನ್ಯ ಮೀಸೆಯಾಗಿರಲಿಲ್ಲ. ಮೂವತ್ತೊಂದು ವರ್ಷ ಎಣ್ಣೆ ಹಚ್ಚಿ ಸಾಕಿದ್ದು. ಇಡುಕ್ಕಿಯ ನಮ್ಮ ಗುಡ್ಡಗಳಲ್ಲಿ ಜೀಪು ಕೈಕೊಟ್ಟರೆ ಜನ "ಆ ಮೀಸೆಯವನ ಶೆಡ್ಡಿಗೆ ತಗೊಂಡ್ಹೋಗು" ಎನ್ನುತ್ತಿದ್ದರು. ಅವಿರಾಚನ್ ಎಂಬ ಹೆಸರು ಅದಾದ ಮೇಲೆ. ಅಂಥ ಮೀಸೆಯನ್ನು ಒಂದೇ ವಾರದಲ್ಲಿ ಎರಡು ಪಂದ್ಯಕ್ಕೆ ಒಡ್ಡಿದ ಪೆದ್ದ ನಾನೇ.

ಮೊದಲನೆಯದು ಇಟ್ಟೂಪನ ಜೊತೆ. ಇಟ್ಟೂಪ್ ಏಲಕ್ಕಿ ಮೂಟೆ ಸಾಗಿಸುವ ಜೀಪಿನವನು, ನನ್ನ ಜೊತೆಗೇ ಶಾಲೆ ಬಿಟ್ಟವನು. ಮಳೆಗಾಲ ಮುಗಿದ ಮೇಲೆ ಆನಪ್ಪಾರೆ ಗುಡ್ಡದಲ್ಲಿ ವರ್ಷಕ್ಕೊಮ್ಮೆ ಕೆಸರಿನ ಓಟ ನಡೆಯುತ್ತದೆ. ಒಂದೊಂದೇ ಜೀಪು ಕೆಳಗಿನಿಂದ ಹೊರಟು, ಜಾರುವ ಏರನ್ನು ಹತ್ತಿ, ಮೇಲಿನ ಬಾವುಟ ಮುಟ್ಟಬೇಕು. ಈ ಸಲ ನಮ್ಮ ಮನೆಯ ಜೀಪು ಕೊಂಬನ್‌ನನ್ನು ಓಡಿಸುವವಳು ನನ್ನ ಮಗಳು ಸೆಲೀನ ಎಂದು ಗೊತ್ತಾದದ್ದೇ ತಡ, ಚಾಯದಂಗಡಿಯಲ್ಲಿ ಇಟ್ಟೂಪ್ ಹಲ್ಲು ಕಿರಿದ.

"ನಿನ್ನ ಮಗಳು ಬಾವುಟ ಮುಟ್ಟಿದ್ರೆ ನನ್ನ ಮೀಸೆ ಬೋಳಿಸ್ತೀನಿ. ಮುಟ್ಟದಿದ್ರೆ ನಿಂದು. ಏನಂತೀಯ ಅವಿರಾ?"

"ಈಗ್ಲೇ ಹೋಗಿ ಬೋಳಿಸ್ಕೊಂಡು ಬಾರೋ. ಆ ನಾಲ್ಕು ಕೂದಲಿಗೆ ಭಾನುವಾರದ ತನಕ ಯಾಕೆ ಕಾಯ್ತೀಯ?"

ಅಂಗಡಿಯಲ್ಲಿದ್ದವರೆಲ್ಲ ಕೇಕೆ ಹಾಕಿದರು. ನಾವು ಕೈಗೆ ಕೈ ಹೊಡೆದೆವು. ನಮ್ಮಲ್ಲಿ ಚುನಾವಣೆಗೂ ಫುಟ್‌ಬಾಲಿಗೂ ಪಣಕ್ಕೆ ಬೀಳುವುದು ಮೀಸೆಯೇ. ಹತ್ತು ಜನರೆದುರು ಕೈ ಹೊಡೆದು ಹಿಂದೆ ಸರಿದವನನ್ನು ಸಾಯುವ ತನಕ ಆಡಿಕೊಳ್ಳುತ್ತಾರೆ.

ಎರಡನೆಯ ಪಂದ್ಯ ಸೆಲೀನಳ ಜೊತೆ, ನಮ್ಮದೇ ಶೆಡ್ಡಿನಲ್ಲಿ. ಆರು ವರ್ಷದಿಂದ ಅವಳು ನನ್ನ ಜೊತೆ ಕೆಲಸ ಮಾಡುತ್ತಿದ್ದಾಳೆ. ಬ್ರೇಕು, ಕ್ಲಚ್ಚು, ಸ್ಪ್ರಿಂಗ್‌ಪಟ್ಟಿ ಎಲ್ಲ ಅವಳ ಕೈಯಲ್ಲೇ. ಆದರೆ ಗೇರ್‌ಬಾಕ್ಸಿಗೆ ಮಾತ್ರ ನಾನು ಕೈ ಹಾಕಲು ಬಿಟ್ಟಿರಲಿಲ್ಲ. ಗಿರಾಕಿಗಳೂ ಅಷ್ಟೇ, "ಗೇರ್‌ಬಾಕ್ಸ್ ಮಾತ್ರ ಅವಿರಾಚೇಟ್ಟನೇ ನೋಡ್ಲಿ" ಎನ್ನುತ್ತಿದ್ದರು. ಆಗ ಅವಳು ಕೈ ಒರೆಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದೆ.

ಓಟಕ್ಕೆ ಎರಡು ದಿನ ಇರುವಾಗ ಅವಳು ಎರಡು ಹೊಸ ಆಯಿಲ್ ಡಬ್ಬ ತಂದು ಮುಂದಿಟ್ಟಳು. "ಕೊಂಬನ್ ಗೇರ್‌ಬಾಕ್ಸ್ ಆಯಿಲ್ ನಾನು ಬದಲಾಯಿಸ್ತೀನಿ ಅಪ್ಪಚ್ಚಾ."

ಡಬ್ಬ ತಿರುಗಿಸಿ ನೋಡಿದೆ. ದಪ್ಪದಲ್ಲಿ ನಾವು ಹಾಕುವ ತೊಂಬತ್ತರ ಆಯಿಲೇ. ಆದರೆ ಮೂಲೆಯಲ್ಲಿ ದರ್ಜೆ ಜಿ.ಎಲ್. ನಾಲ್ಕು ಎಂದು ಬರೆದಿತ್ತು. ಪೇಟೆಗೆ ಜಿ.ಎಲ್. ಐದು ಬಂದಾಗಿನಿಂದ, ಅಂದರೆ ಐದು ವರ್ಷದಿಂದ, ನಾನು ಊರಿನ ಎಲ್ಲ ಜೀಪಿಗೂ ಸುರಿಯುತ್ತಿದ್ದದ್ದು ಅದನ್ನೇ.

"ಇದೇನು ಮೋಳೇ, ಅಗ್ಗದ್ದು ತಂದಿದ್ದೀಯ? ಐದು ದೊಡ್ಡದೋ ನಾಲ್ಕು ದೊಡ್ಡದೋ? ಒಂದನೇ ಕ್ಲಾಸಿನ ಮಗೂನ ಕೇಳು."

"ಹತ್ತು ದೊಡ್ಡದು ಅಂತ ನೀವು ಹತ್ತರ ಚಪ್ಪಲಿ ಹಾಕ್ಕೋತೀರಾ? ನಿಮ್ಮ ಕಾಲು ಏಳು. ಐದರದ್ದು ಹಿಂದಿನ ಆಕ್ಸಲ್‌ಗೆ ಸರಿ. ಗೇರ್‌ಬಾಕ್ಸ್ ಒಳಗೆ ಹಿತ್ತಾಳೆ ಉಂಗುರ ಇದ್ಯಲ್ಲ, ಗೇರ್ ಹಾಕೋವಾಗ ಅದು ಚಕ್ರಾನ ಒಂದು ಕ್ಷಣ ಗಟ್ಟಿಯಾಗಿ ಹಿಡೀಬೇಕು. ಐದರದ್ದಕ್ಕೆ ಜಾರಿಕೆ ಜಾಸ್ತಿ, ಹಿಡಿತ ಸಿಗಲ್ಲ. ಬರ್ತಾ ಬರ್ತಾ ಹಿತ್ತಾಳೆನೂ ತಿಂದುಹಾಕುತ್ತೆ."

"ನನಗೆ ಪಾಠ ಹೇಳ್ತೀಯಾ? ಈ ನೀರು ಹಾಕ್ಕೊಂಡು ಕೊಂಬನ್ ಆನಪ್ಪಾರೆ ಹತ್ತಿದ್ರೆ ನಾನು ಮೀಸೆ ಬೋಳಿಸ್ತೀನಿ! ಗೇರ್‌ಬಾಕ್ಸ್ ಕೆಲಸ ಎಲ್ಲ ನಿನಗೇ ಬಿಟ್ಟುಕೊಡ್ತೀನಿ!"

ಸಿಟ್ಟು ಬಂದರೆ ನನ್ನ ಬಾಯಿಗೆ ಬ್ರೇಕಿಲ್ಲ. ಅವಳು ತಕ್ಷಣ ಕೈ ಚಾಚಿದಳು. ನಾನು ಹೊಡೆದೆ.

ಅವಳು ಕೆಲಸ ಮಾಡಿದ್ದನ್ನು ನಿಂತು ನೋಡಿದೆ, ತಪ್ಪು ಹಿಡಿಯಲೆಂದೇ. ಏನೂ ಸಿಗಲಿಲ್ಲ. ಆಯಿಲ್ ಬಿಸಿಯಾಗಲೆಂದು ಜೀಪನ್ನು ಒಂದು ಸುತ್ತು ಓಡಿಸಿ ತಂದಳು, ಸಮತಟ್ಟಿನಲ್ಲಿ ನಿಲ್ಲಿಸಿದಳು, ಆಯಿಲ್ ಇಳಿಸುವ ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವ ಮೊದಲು ತುಂಬಿಸುವ ಮೇಲಿನ ಬೋಲ್ಟನ್ನು ಬಿಚ್ಚಿದಳು. ಇದು ನಾನೇ ಕಲಿಸಿದ ನೇಮ. ಮೇಲಿನದು ಬಿಚ್ಚಲು ಬರುತ್ತದೆ ಎಂದು ಖಾತ್ರಿಯಾಗದೆ ಕೆಳಗಿನದನ್ನು ಬಿಚ್ಚಿದರೆ ಆಯಿಲ್ ಎಲ್ಲ ಸೋರಿ, ಹೊಸದು ಹಾಕಲು ದಾರಿಯಿಲ್ಲದೆ ಜೀಪು ಅಲ್ಲೇ ಕೂರುತ್ತದೆ. ಹಳೆಯ ಆಯಿಲ್ ಕಪ್ಪಾಗಿ ಇಳಿಯಿತು. ಅದರಲ್ಲಿ ಸಣ್ಣ ಹಳದಿ ಪುಡಿ ಮಿನುಗುತ್ತಿತ್ತು. ಸೆಲೀನ ಬೆರಳಿಗೆ ಹಚ್ಚಿ ನನ್ನ ಮುಖದ ಮುಂದೆ ಹಿಡಿದಳು.

"ಹಿತ್ತಾಳೆ," ಎಂದಳು.

"ಧೂಳು," ಎಂದು ನಾನು ಎದ್ದು ಹೋದೆ.

ಸಂಜೆ ಗೇರುಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತಿವೆ ಎಂದು ಅವಳು ಕುಣಿದಾಡಿದಳು. ಹೊಸ ಆಯಿಲ್ ಯಾವುದಾದರೂ ನಾಲ್ಕು ದಿನ ಹಾಗೇ ಎಂದು ನಾನು ಗೊಣಗಿದೆ.

ಶನಿವಾರ ಮೀನು ಸಾರು, ಬೇಯಿಸಿದ ಮರಗೆಣಸಿನ ಕಪ್ಪ ಉಂಡು ಕೈ ತೊಳೆಯುವಾಗ ತಲೆಗೆ ಹೊಳೆಯಿತು. ಎಂಡೆ ಮಾತಾವೇ, ನನ್ನಮ್ಮಾ! ಅವಳು ಸೋತರೆ ಮೀಸೆ ಇಟ್ಟೂಪನಿಗೆ. ಗೆದ್ದರೆ ಮೀಸೆ ಅವಳಿಗೇ! ಉಳಿಯುವ ದಾರಿ ಒಂದೇ: ಅವಳು ಗೆಲ್ಲಬೇಕು, ಆದರೆ ನನ್ನ ಐದರ ಆಯಿಲಿನಲ್ಲಿ. ಬರೀ ಮೀಸೆಯ ಮಾತಲ್ಲ ಅನ್ನಿ. ಆ ಏರಿನಲ್ಲಿ ಅಗ್ಗದ ಆಯಿಲ್ ಅವಳ ಕೈಬಿಟ್ಟರೆ ಏನು ಗತಿ ಎಂಬ ಭಯವೂ ಇತ್ತು. ಅವಳು ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋದದ್ದೇ ಶೆಡ್ಡಿಗೆ ನುಗ್ಗಿದೆ. ನಾಲ್ಕನ್ನು ಇಳಿಸಿ ಐದನ್ನು ತುಂಬಿಸಿದೆ. ಗಾಬರಿಯಲ್ಲಿ ಮೇಲಿನ ಬೋಲ್ಟನ್ನು ಮೈಯ ಬಲವನ್ನೆಲ್ಲ ಹಾಕಿ ಬಿಗಿದೆ. ಅವಳ ಹೊಸ ಆಯಿಲನ್ನು ಚೆಲ್ಲಲು ಮಾತ್ರ ಮನಸ್ಸು ಬರಲಿಲ್ಲ. ಬಟ್ಟೆಯಲ್ಲಿ ಸೋಸಿ ಡಬ್ಬಗಳಿಗೇ ತುಂಬಿ ಹಿಂದಿನ ಸೀಟಿನಡಿ ತಳ್ಳಿದೆ.

ಭಾನುವಾರ ಪೂಜೆ ಮುಗಿಸಿ ಊರಿಗೆ ಊರೇ ಆನಪ್ಪಾರೆಯಲ್ಲಿ ನೆರೆದಿತ್ತು. ಚೆಂಡೆ, ಪೀಪಿ, ಮೈಕಿನವನ ಅರಚಾಟ! ನಮ್ಮದು ಹತ್ತೊಂಬತ್ತನೇ ನಂಬರು, ಇಟ್ಟೂಪನದು ಹನ್ನೊಂದು. ಅವನು ಭರ್ರನೆ ಹೊರಟ. ಬಂಡೆಯ ತಿರುವಿನ ತನಕ ಚೆನ್ನಾಗಿಯೇ ಹೋದ. ಅಲ್ಲಿ ಮೂರರಿಂದ ಎರಡಕ್ಕೆ ಇಳಿಸಬೇಕು, ಎದುರಿಗೆ ಕೆಸರಿನ ಗೋಡೆ. ಕರ್ರ್ ಎಂದು ಜೀಪು ಹಲ್ಲು ಕಡಿಯಿತು. ಗೇರು ಬೀಳಲಿಲ್ಲ. ಇಟ್ಟೂಪ್ ಹಿಂದಕ್ಕೆ ಜಾರುತ್ತ ಜಾರುತ್ತ ಕೆಳಗೆ ಬಂದು ನಿಂತ.

"ಕೈ ಸರಿ ಇಲ್ಲ ಕಣೋ ನಿಂದು!" ಎಂದು ಕೂಗಿದೆ. ಗೇರು ಗಟ್ಟಿ ಎಂದು ಶೆಡ್ಡಿಗೆ ಬಂದವರಿಗೆಲ್ಲ ಐದು ವರ್ಷದಿಂದ ನಾನು ಹೇಳುತ್ತಿದ್ದದ್ದು ಇದೇ ಮಾತು.

ಅಷ್ಟರಲ್ಲಿ ಹಿಂದಿನ ಬಯಲಿನಲ್ಲಿ ಜೀಪು ಬಿಸಿ ಮಾಡುತ್ತಿದ್ದ ಸೆಲೀನ ಎಂಜಿನ್ ಆರಿಸಿದಳು. ಇಳಿದು ಜೀಪಿನಡಿ ತೂರಿದಳು. ಹೊರಗೆ ಬಂದಾಗ ಅವಳ ಬೆರಳಿನಲ್ಲಿ ಬೋಲ್ಟಿನ ಸುತ್ತ ಅಂಟಿದ್ದ ಆಯಿಲ್ ಇತ್ತು. ಮೂಸಿ ನೋಡಿದಳು. ಐದರದ್ದಕ್ಕೆ ಗಂಧಕದ ನಾತ, ಮುಚ್ಚಿಡಲಾಗದ್ದು.

"ಅಪ್ಪಚ್ಚಾ, ಎರಡನೇ ಗೇರ್ ಬೀಳ್ತಿಲ್ಲ. ಇದು ನನ್ನ ಆಯಿಲ್ ಅಲ್ಲ."

ಸುಳ್ಳು ಹೇಳಲು ಬಾಯಿ ತೆರೆದೆ. ಅವಳ ಕಣ್ಣು ತುಂಬಿತ್ತು. ಅಪ್ಪ ಹೀಗೆ ಮಾಡಿಯಾನೇ ಎಂದು ನಂಬಲಾಗದ ಕಣ್ಣು ಅದು. ಅದನ್ನು ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ.

"ನಾನೇ ಬದಲಾಯಿಸ್ದೆ ಮೋಳೇ. ನಿನ್ನೆ. ತಪ್ಪಾಯ್ತು."

ಅವಳು ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಬಯ್ದಿದ್ದರೆ ವಾಸಿಯಿತ್ತು. "ನನ್ನದನ್ನ ಚೆಲ್ಲಿದ್ರಾ?"

"ಸೀಟಿನಡಿ ಇದೆ. ಸೋಸಿಟ್ಟಿದ್ದೀನಿ."

"ಸೋಸಿ!" ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಕಳ್ಳತನದಲ್ಲೂ ಸೋಸಿದ್ದಾರೆ ನೋಡು! ಏಳಿ, ಏಳಿ! ಹದಿಮೂರನೇ ನಂಬರ್ ಹೊರಟಿದೆ!"

ಜೀಪನ್ನು ತಳ್ಳಿ ಚಪ್ಪಟೆ ಬಂಡೆಯ ಮೇಲೆ ನಿಲ್ಲಿಸಿದೆವು. ನಾನು ಸ್ಪ್ಯಾನರ್ ಹಿಡಿದು ನೇರ ಕೆಳಗಿನ ಬೋಲ್ಟಿಗೆ ಕೈ ಹಾಕಿದೆ.

"ಮೇಲಿನದು ಮೊದಲು!" ಅವಳು ಕಿರುಚಿದಳು.

ನನ್ನ ಪಾಠ, ನನಗೇ! ಆದರೆ ಅವಳು ಕಿರುಚಿದ್ದು ಪುಣ್ಯ, ಮೇಲಿನ ಬೋಲ್ಟು ಅಲುಗಲೇ ಇಲ್ಲ. ನಿನ್ನೆ ಗಾಬರಿಯಲ್ಲಿ ಬಿಗಿದ ರಾಕ್ಷಸ ನಾನೇ ತಾನೆ! ಅವಳು ಎಳೆದಳು, ನಾನು ಎಳೆದೆ, ಇಬ್ಬರೂ ಸೇರಿ ಎಳೆದೆವು. ಮೈಕಿನವನು ಹದಿನೈದು ಎಂದು ಕೂಗಿದ.

ಜೀಪಿನ ಪಕ್ಕ ಎರಡು ಕೆಸರುಗಾಲು ಬಂದು ನಿಂತವು. ಇಟ್ಟೂಪ್.

"ಏನೋ ಅವಿರಾ, ಬಾವುಟ ಜೀಪಿನಡಿ ಇದೆಯೇನೋ?"

"ಬಾಯಿ ಮುಚ್ಚೋ! ಬೋಲ್ಟ್ ಬರ್ತಿಲ್ಲ."

ಅವನು ತನ್ನ ಜೀಪಿನಿಂದ ಉದ್ದದ ಕಬ್ಬಿಣದ ಪೈಪು ತಂದು ಕೊಟ್ಟ. "ಹಿಡಿ. ಮೋಳು ಓಡಿಸಿ ಸೋಲ್ಬೇಕು. ಹಿಂಗೆ ನಿಂತಲ್ಲೇ ಸಿಕ್ಕಿದ್ದು ನನಗೆ ಬೇಡ, ನ್ಯಾಯವಾಗಿ ಬಿದ್ದ ಮೀಸೆ ಬೇಕು."

ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿ ಮೂವರೂ ತೂಗಿದೆವು. ಟಕ್ ಎಂದು ಬಿಟ್ಟಿತು! ಕೆಳಗಿನದು ಸುಲಭವಾಗಿ ಬಂತು. ನನ್ನ ಐದು ಬಿಸಿಬಿಸಿಯಾಗಿ ಬಕೆಟ್ಟಿಗೆ ಸುರಿಯಿತು. ಕೊನೆಯ ಹನಿಗಳು ಇಳಿಯುವಷ್ಟು ಹೊತ್ತೂ ಕಾಯಲಾಗದೆ ಬೆರಳು ಕಚ್ಚಿಕೊಂಡೆ. ಕೆಳಗಿನದನ್ನು ಮುಚ್ಚಿ ಅವಳು ಮಲಗಿದಲ್ಲೇ ಆಲಿಕೆಯ ರಬ್ಬರ್ ಕೊಳವೆಯ ತುದಿಯನ್ನು ಮೇಲಿನ ತೂತಿಗೆ ಹಿಡಿದಳು, ನಾನು ಮೇಲಿನಿಂದ ಆಲಿಕೆಯಲ್ಲಿ ನಾಲ್ಕನ್ನು ಹೊಯ್ದೆ. ಎರಡನೇ ಡಬ್ಬ ತಳ ಕಾಣುವಾಗ ತೂತಿನ ಅಂಚಿನಿಂದ ಆಯಿಲ್ ಸಣ್ಣಗೆ ಹೊರಗೆ ಜಿನುಗಿತು.

"ಸಾಕು! ತುಂಬಿತು!"

"ಹತ್ತೊಂಬತ್ತು!" ಎಂದು ಮೈಕು ಕೂಗಿದಾಗ ಅವಳು ಕೈಯ ಆಯಿಲನ್ನು ನನ್ನ ಅಂಗಿಗೇ ಒರೆಸಿ ಸೀಟಿಗೆ ಹಾರಿದಳು.

ಆಮೇಲೆ ನಡೆದದ್ದು ಒಂದೇ ನಿಮಿಷ, ಆದರೆ ನನಗೆ ಆಯುಷ್ಯದಲ್ಲಿ ಅರ್ಧ ಕಳೆದಂತಾಯಿತು. ಕೊಂಬನ್ ಕೆಸರು ಎರಚುತ್ತ ನುಗ್ಗಿದ. ಬಂಡೆಯ ತಿರುವು ಬಂತು. ಎದುರಿಗೆ ಗೋಡೆ. ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಕರ್ರ್ ಎನ್ನಲಿಲ್ಲ! ಎಂಜಿನ್ನಿನ ದನಿ ಒಮ್ಮೆ ತಗ್ಗಿ, ಮತ್ತೆ ಎದೆ ತುಂಬಿ ಏರಿತು. ಎರಡನೇ ಗೇರು ಬಿದ್ದಿತ್ತು! ಚಕ್ರಗಳು ಜಾರಿದವು, ಹಿಡಿದವು, ಮತ್ತೆ ಜಾರಿದವು, ಹಿಡಿದವು.

"ಹೋಗು ಮೋಳೇ! ಹೋಗು! ಬಿಡಬೇಡ!" ನಾನು ಮುಂಡುಪಂಚೆಯನ್ನು ಎತ್ತಿ ಕಟ್ಟಿ ಗುಡ್ಡದ ಬದಿಯಲ್ಲೇ ಓಡಿದೆ, ಬಿದ್ದೆ, ಎದ್ದು ಓಡಿದೆ. ಬಾವುಟ ಅವಳ ಕೈಗೆ ಬಂದಾಗ ನನ್ನ ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ. ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಮೇಲಿಂದ ಇಳಿದು ಬಂದ ಅವಳು ನನ್ನ ಮೀಸೆಯನ್ನೊಮ್ಮೆ ನೋಡಿದಳು. ಆ ಇನ್ನೊಂದು ಪಂದ್ಯದ ಬಗ್ಗೆ ಒಬ್ಬರ ಬಳಿಯೂ ಬಾಯಿ ಬಿಡಲಿಲ್ಲ, ನನ್ನ ಬಳಿಯೂ.

ಸೋಮವಾರ ಬೆಳಿಗ್ಗೆ ಇಟ್ಟೂಪ್ ಜೀಪಿನೊಂದಿಗೆ ಶೆಡ್ಡಿಗೆ ಬಂದ. ಮೂಗಿನ ಕೆಳಗೆ ಬೋಳು, ಸುಲಿದ ಮೊಟ್ಟೆ. ನಕ್ಕು ನಕ್ಕು ಸಾಯಬೇಕಿತ್ತು ನಾನು. ಆದರೆ ಅವನೇ ನನ್ನನ್ನು ನೋಡಿ ಬಾಯಿ ತೆರೆದು ನಿಂತ.

"ಎಡಾ ಅವಿರಾ! ಗೆದ್ದವನು ನೀನಲ್ವೇನೋ? ನಿನ್ನ ಮೀಸೆಗೇನಾಯ್ತು?"

ಹೊಸದಾಗಿ ಬೋಳಿಸಿದ ತುಟಿಯ ಮೇಲೆ ಗಾಳಿ ತಾಕುತ್ತಿತ್ತು. ಸೆಲೀನ ಕೆಲಸ ನಿಲ್ಲಿಸಿ ನನ್ನತ್ತ ತಿರುಗಿದಳು. ಅವಳು ಕೇಳಿರಲಿಲ್ಲ, ನಾನೇ ಬೆಳಗಾಗುತ್ತಲೇ ಕ್ಷೌರದಂಗಡಿಗೆ ಹೋಗಿ ಕೂತಿದ್ದೆ.

"ಇವಳ ಹತ್ರ ಸೋತೆ," ಎಂದೆ. "ಇನ್ನೊಂದು ಮಾತು ಇಟ್ಟೂಪೇ. ನಿನ್ನೆ ನಿನ್ನ ಗೇರ್ ಬೀಳಲಿಲ್ವಲ್ಲ, ಅದು ನಿನ್ನ ಕೈಯ ತಪ್ಪಲ್ಲ. ಐದು ವರ್ಷದಿಂದ ನಾನು ತಪ್ಪು ಆಯಿಲ್ ಸುರೀತಿದ್ದೆ, ನಿಂದಕ್ಕೂ, ಊರಿನವರೆಲ್ಲರದಕ್ಕೂ. ಎಲ್ಲರನ್ನೂ ಕರೆದು ಹೇಳ್ತೀನಿ. ಮೊದಲು ನಿಂದು ಆಗ್ಲಿ."

ಅವನು ತನ್ನ ಬೋಳು ತುಟಿಯನ್ನೊಮ್ಮೆ ಸವರಿಕೊಂಡ. ಆಮೇಲೆ ಜೀಪಿನ ಕೀಲಿಯನ್ನು ರೂಢಿಯಂತೆ ನನ್ನ ಕಡೆ ಚಾಚಿದ.

"ನನಗಲ್ಲ," ಎಂದೆ. "ಗೇರ್‌ಬಾಕ್ಸ್ ಅವಳದ್ದು."

ಸೆಲೀನ ಕೀಲಿ ತೆಗೆದುಕೊಂಡು, ಜೀಪನ್ನು ಒಳಗೆ ತಂದು, ಅಡಿಗೆ ತೂರಿದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಮೇಲಿನದು ಮೊದಲು," ಎಂದೆ.

"ಗೊತ್ತು ಅಪ್ಪಚ್ಚಾ," ಎಂದು ಅವಳು ಕೈ ಚಾಚಿದಳು. ನಾನು ಸ್ಪ್ಯಾನರನ್ನು ಒರೆಸಿ ಅವಳ ಕೈಗಿಟ್ಟೆ.