ದಾರಿ ಬದಿಯ ಅಂಬಲಿ

ಬೊಮ್ಮಸಂದ್ರದ ಸರ್ವೀಸ್ ರಸ್ತೆಯಲ್ಲಿ ಕಾರ್ಖಾನೆ ಬಸ್ಸೊಂದರ ಹೊಗೆ ಕುಡಿಯುತ್ತಾ ಸೈಕಲ್ ತುಳಿಯುತ್ತಿದ್ದ ಶರಣ್ಯಳಿಗೆ ದೂರದಲ್ಲಿ ಅಪ್ಪನ ಹಳೆಯ ಸ್ಕೂಟರ್ ಕಾಣಿಸಿತು. ಸ್ಕೂಟರಿನ ಪಕ್ಕದಲ್ಲಿ ಅಪ್ಪ ಶ್ಯಾಮಸುಂದರ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ.

"ಅಯ್ಯೋ, ಬೇಡ ಅಂದಿದ್ನಲ್ಲಪ್ಪಾ..." ಎಂದು ಹಲ್ಲು ಕಚ್ಚಿಕೊಂಡಳು.

ಒಂದು ಸಲವಲ್ಲ, ವಾರವಿಡೀ ಹೇಳಿದ್ದಳು. ಇನ್ನೂರು ಕಿಲೋಮೀಟರಿನ ಈ ಸವಾರಿಯಲ್ಲಿ ಸವಾರರು ತಮ್ಮ ಪಾಡು ತಾವೇ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ಕೊಂಡು ತಿನ್ನಬಹುದು, ಗುರುತಿಲ್ಲದ ಯಾರೋ ಪುಣ್ಯಾತ್ಮರು ನೀರು ಕೊಟ್ಟರೆ ಕುಡಿಯಬಹುದು. ಆದರೆ ಮನೆಯವರು ನಡುದಾರಿಯಲ್ಲಿ ಊಟ ಹಿಡಿದು ಕಾದು ನಿಂತರೆ ಮುಗಿಯಿತು, ಸವಾರಿ ರದ್ದು. ಇದನ್ನು ಕನ್ನಡದಲ್ಲಿ ಹೇಳಿದ್ದಳು, ಇಂಗ್ಲಿಷಿನಲ್ಲಿ ಹೇಳಿದ್ದಳು, ಕೊನೆಗೆ ಕೂಗಾಡಿಯೂ ಹೇಳಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಶ್ಯಾಮಸುಂದರ ಲಗ್ಗೆರೆಯ ಮನೆಯಿಂದ ಸರ್ಕಾರಿ ಕಾರ್ಖಾನೆಗೆ ಮೂವತ್ತು ವರ್ಷ ಸೈಕಲ್ಲಿನಲ್ಲೇ ಹೋಗಿ ಬಂದವರು. ನಿವೃತ್ತಿಯಾದ ಮೇಲೆ ಮಂಡಿ ಸವೆಯಿತು, ಹುಚ್ಚು ಮಾತ್ರ ಸವೆಯಲಿಲ್ಲ. ಜುಲೈ ಬಂತೆಂದರೆ ಟಿವಿ ಮುಂದೆ ಕುಳಿತು, ಫ್ರಾನ್ಸಿನ ಸೈಕಲ್ ರೇಸಿನಲ್ಲಿ ಬೆಟ್ಟ ಹತ್ತುವ ಹುಡುಗರಿಗೆ ಲಗ್ಗೆರೆಯಿಂದಲೇ ಗೇರ್ ಬದಲಿಸಲು ಹೇಳುತ್ತಿದ್ದರು. ಮಗಳೂ ಸೈಕಲ್ ಹತ್ತಿದ್ದೇ ತಡ, ಅಡುಗೆಮನೆ ಅವರ ವಶವಾಯಿತು. ಸಕ್ಕರೆ ಡಬ್ಬಿ ಅಟ್ಟ ಸೇರಿತು, ದೋಸೆಗೆ ಎಣ್ಣೆಯ ಬದಲು ಉಪನ್ಯಾಸ ಬೀಳತೊಡಗಿತು. "ಅವಳು ಸೈಕಲ್ ಹೊಡೀತಾಳೆ ಅಂತ ನಾನ್ಯಾಕ್ರೀ ಹಸಿ ಕ್ಯಾರೆಟ್ ತಿನ್ಬೇಕು?" ಎಂದು ಅಮ್ಮ ಪಂಕಜಾ ಕೇಳಿದರೆ, ಅದಕ್ಕೂ ಒಂದು ಉಪನ್ಯಾಸ.

ಹೋದ ವರ್ಷದ ಸವಾರಿಯ ದಿನ ಬೆಳಗಾಗುವ ಮುಂಚೆಯೇ ಎಬ್ಬಿಸಿ, ಬಟ್ಟಲು ತುಂಬ ಮೊಳಕೆ ಹುರುಳಿ ತಿನ್ನಿಸಿದ್ದರು. "ಕುದುರೆ ಓಡೋದೇ ಇದನ್ನ ತಿಂದು ಕಣಮ್ಮ!" ಶರಣ್ಯಳೂ ಓಡಿದ್ದಳು, ಒಂದು ಪೆಟ್ರೋಲ್ ಬಂಕಿನ ಶೌಚಾಲಯದಿಂದ ಇನ್ನೊಂದಕ್ಕೆ. ಸವಾರಿ ಮುಗಿಸುವ ಗಡುವು ತಪ್ಪಿತು. ಆಫೀಸಿನಲ್ಲಿ ಕೇಳಿದವರಿಗೆಲ್ಲ ಪಂಕ್ಚರ್ ಎಂದು ಸುಳ್ಳು ಹೇಳಿದ್ದಳು. ಈ ಸಲ ಹೇಗಾದರೂ ಮುಗಿಸಲೇಬೇಕು. ವರ್ಷವಿಡೀ ಅವಳು ಬೇರಾವುದಕ್ಕೂ ಇಷ್ಟು ಆಸೆಪಟ್ಟಿರಲಿಲ್ಲ. ವೈಟ್‌ಫೀಲ್ಡಿನ ಕೊನೆಯ ಗೆರೆಗೆ ಇನ್ನು ಒಂದು ಗಂಟೆಯ ದಾರಿಯಷ್ಟೆ ಉಳಿದಿತ್ತು.

ಅವಳ ಹಿಂದೆ ಅತ್ತಿಬೆಲೆಯಿಂದಲೂ ಕಿತ್ತಳೆ ಬಣ್ಣದ ಜಾಕೀಟಿನ ಕೊಟ್ರೇಶ್ ಬೈಕಿನಲ್ಲಿ ಬರುತ್ತಿದ್ದ. ಸವಾರರ ಮೇಲೆ ಕಣ್ಣಿಡಲು ಸವಾರಿ ನಡೆಸುವ ಸೈಕಲ್ ಸಂಘದವರು ಬಿಟ್ಟಿದ್ದ ಸ್ವಯಂಸೇವಕ. ಅಪ್ಪ ಇದ್ಯಾವುದನ್ನೂ ನೋಡಲಿಲ್ಲ. ಟಿವಿಯಲ್ಲಿ ತಂಡದವರು ರಸ್ತೆ ಬದಿ ನಿಂತು ಊಟದ ಚೀಲ ಚಾಚುವುದನ್ನೂ, ಸವಾರರು ನಿಲ್ಲದೆಯೇ ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗುವುದನ್ನೂ ಅವರು ಎಷ್ಟೋ ವರ್ಷಗಳಿಂದ ಬಾಯಿ ಬಿಟ್ಟುಕೊಂಡು ನೋಡಿದ್ದರು. ನಿನ್ನೆ ಅಮ್ಮನನ್ನು ಪಡಸಾಲೆಯಲ್ಲಿ ಬಿರಬಿರನೆ ನಡೆಸಿ ಅಭ್ಯಾಸವನ್ನೂ ಮಾಡಿದ್ದರು. ಈಗ ಹಾಗೆಯೇ ತೋಳು ನೀಟಾಗಿ ಚಾಚಿ, ಚೀಲದ ಹಿಡಿಯನ್ನು ಎರಡು ಬೆರಳಲ್ಲಿ ಅಗಲಿಸಿ ಹಿಡಿದು, ನೋಯುವ ಮಂಡಿಯಲ್ಲೇ ಅವಳ ಪಕ್ಕ ಓಡತೊಡಗಿದರು.

"ಹಿಡ್ಕೋಮ್ಮಾ! ನಿಲ್ಬೇಡ! ರಾಗಿ ಅಂಬಲಿ, ಮಜ್ಜಿಗೆ ಹಾಕಿದೀನಿ!"

ಶರಣ್ಯ ತಪ್ಪಿಸಿಕೊಂಡು ಸೈಕಲನ್ನು ಪಕ್ಕಕ್ಕೆ ಎಳೆದಳು. ಅಷ್ಟರಲ್ಲಿ ಪಾಳಿ ಬಿಟ್ಟ ಕಾರ್ಖಾನೆಯಿಂದ ದ್ವಿಚಕ್ರ ವಾಹನಗಳ ಹಿಂಡು ನುಗ್ಗಿ ದಾರಿ ಕಟ್ಟಿತು. ಅವಳು ಕಾಲೂರಿ ನಿಲ್ಲಬೇಕಾಯಿತು. ಕೊಟ್ರೇಶ್ ಬೈಕು ತಂದು ಪಕ್ಕದಲ್ಲೇ ನಿಲ್ಲಿಸಿದ.

"ಮೇಡಂ, ಇವ್ರು ನಿಮ್ಮೋರೇನ್ರಿ?"

"ಅಲ್ಲ ಸಾರ್. ಯಾರೋ, ಗೊತ್ತಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಅದು ಕೇಳಿಸಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಪ್ಪ ಏದುಸಿರು ಬಿಡುತ್ತಾ ಅವಳನ್ನು ನೋಡಿದರು, ಆಮೇಲೆ ಆ ಕಿತ್ತಳೆ ಜಾಕೀಟನ್ನು ನೋಡಿದರು. ವಾರವಿಡೀ ತಲೆಗೆ ಹೋಗದಿದ್ದ ನಿಯಮ ಆಗ ಹೋಯಿತು.

"ಹೌದು ಸಾರ್, ನಾನ್ಯಾರೋ," ಎಂದರು. "ಬಿಸಿಲಲ್ಲಿ ಹೋಗೋ ಮಕ್ಳಿಗೆ ಕೊಡೋಣ ಅಂತ ತಂದಿದ್ದೆ. ತಪ್ಪಾಯ್ತಾ?"

"ಯಾರೋ ಆದ್ರ ತಪ್ಪೇನಿಲ್ಲ ಬಿಡ್ರಿ. ಕುಡೀರಿ ಮೇಡಂ, ಭಾಳ ಸುಸ್ತಾಗೀರಿ."

ಅಪ್ಪ ಚೀಲದಿಂದ ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸಿದರು. ಶರಣ್ಯಳಿಗೆ ವಿಪರೀತ ಹಸಿವಾಗಿತ್ತು. ಅವಳ ಕೈ ತಾನಾಗಿಯೇ ಮುಂದೆ ಬಂತು. ಆದರೆ ಅಪ್ಪ ಲೋಟವನ್ನು ಅವಳ ಬೆರಳಿಗೆ ತಾಗಲು ಬಿಡದೆ ಕೊಟ್ರೇಶನ ಕಡೆಗೆ ತಿರುಗಿಸಿದರು.

"ನೀವು ತಗೊಳ್ಳಿ ಸಾರ್. ಅವ್ರಿಗೆ ಟೈಮಾಗುತ್ತೆ," ಎಂದರು. ಅವಳ ಮುಖ ನೋಡದೆಯೇ, "ಹೊರಡಿ ಮೇಡಂ," ಎಂದರು.

ಹುಟ್ಟಿದಾಗಿನಿಂದ ಅಪ್ಪ ಅವಳಿಗೆ ಬಹುವಚನ ಹಾಕಿದವರಲ್ಲ. ಅವಳಿಗೆ ಸಿಟ್ಟೇ ಬಂತು. ಯಾರ ಮೇಲೆ ಎಂದು ತಿಳಿಯದೆ ಪೆಡಲನ್ನು ಒದ್ದು ಹೊರಟಳು. ಮುಂದಿನ ಗೂಡಂಗಡಿಯಲ್ಲಿ ನಿಂತು ಒಂದು ಸಿಹಿ ಬನ್ನು ಕೊಂಡು, ರುಚಿ ನೋಡದೆ ನುಂಗಿ, ಮತ್ತೆ ಸೈಕಲ್ ಹತ್ತಿದಳು.

ಸರ್ಜಾಪುರ ರಸ್ತೆಗೆ ತಿರುಗಿದ ಮೇಲೆ ಹಿಂದಿನಿಂದ ಇನ್ನೊಬ್ಬ ಸವಾರ ಬಂದು ಜೊತೆಯಾದ. ಕುತ್ತಿಗೆಗೆ ಅದೇ ಬಟ್ಟೆ ಚೀಲ ನೇತುಹಾಕಿಕೊಂಡು, ಒಂದು ಕೈಯಲ್ಲಿ ಬಾಟಲಿ ಎತ್ತಿ ಕುಡಿಯುತ್ತಿದ್ದ.

"ಅಲ್ಯಾರೋ ಅಂಕಲ್ ಗುರು, ಎಲ್ಲರಿಗೂ ಲೋಟದಲ್ಲಿ ಕೊಟ್ರು, ನಂಗೆ ಮಿಕ್ಕಿದ್ದು ಚೀಲದ ಸಮೇತ! ನಿಲ್ಲೋಕೂ ಬಿಡ್ಲಿಲ್ಲ, ಓಡ್ಕೊಂಡ್ ಬಂದು ಕೊಟ್ರು. ಪಾಪ, ಕುಂಟ್ತಾ ಇದ್ರು," ಎಂದ ಅವನು. "ಅಂಬಲಿ ಸಕ್ಕತ್ತಾಗಿದೆ. ಸ್ವಲ್ಪ ಬೇಕಾ?"

ಶರಣ್ಯ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಅವನ ಕುತ್ತಿಗೆಯ ಚೀಲದ ಕಡೆ ನೋಡಿದಳು.

"ಉಪ್ಪು ಸರಿಯಾಗಿದ್ಯಾ?" ಎಂದು ಕೇಳಿದಳು.

"ಉಪ್ಪು ಒಂಚೂರು ಕಮ್ಮಿ."

"ಕಮ್ಮಿನೇ ಹಾಕೋದು ಅವ್ರು," ಎಂದು ಹೇಳಿ, ಅವನು ಮತ್ತೇನಾದರೂ ಕೇಳುವ ಮೊದಲೇ ಶರಣ್ಯ ಪೆಡಲಿನ ಮೇಲೆ ಎದ್ದು ನಿಂತು ಏರು ಹತ್ತತೊಡಗಿದಳು.