ಪರೀಕ್ಷೆ ದಿನದ ಜ್ವರ

ಶಾಲೆಯ ದೊಡ್ಡ ಮೇಡಂ ನಮ್ಮ ಪಂಕ್ಚರ್ ಅಂಗಡಿಗೆ ಬಂದಿದ್ದು ಗಾಳಿ ಹಾಕಿಸೋಕಲ್ಲ. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ ಹೇಳಿದರು: "ನಾಳೆ ನಿನ್ನ ತಂಗಿ ಗುಬ್ಬಿಗೆ ಸ್ವಲ್ಪ ಜ್ವರ ಬರಲಿ."

"ಹೇಳಿ ಕಳಿಸಿದ್ರೆ ಬರೋಕೆ ಜ್ವರ ಏನು ನೆಂಟನಾ ಮೇಡಂ?"

ಅವರು ನಗಲಿಲ್ಲ. ನಾಳೆ ಸರ್ಕಾರದ ಪರೀಕ್ಷೆ. ಹೋದ ಸಲ, ಅದರ ಹಿಂದಿನ ಸಲ ನಮ್ಮ ಶಾಲೆ ಕೆಂಪು ಪಟ್ಟಿಯಲ್ಲಿತ್ತು. ಈ ಸಲವೂ ಸರಾಸರಿ ಬಿದ್ದರೆ ಬೀಗ. ಮಂತ್ರಿ ಇದಕ್ಕೆ ಹೊಣೆಗಾರಿಕೆ ಅಂತಾನೆ. ಎದುರು ಪಕ್ಷದವನು ಅನ್ಯಾಯ ಅಂತಾನೆ. ಅವನು ಕುರ್ಚಿಯಲ್ಲಿದ್ದಾಗಲೇ ಈ ಪರೀಕ್ಷೆ ಶುರುವಾಗಿದ್ದು. ಎರಡು ವರ್ಷದಿಂದ ಶಾಲೆಗೆ ಗಣಿತದ ಮೇಷ್ಟ್ರಿಲ್ಲ. ಅದಕ್ಕೆ ಯಾರು ಹೊಣೆ ಅಂತ ಯಾವನೂ ಪ್ರಶ್ನೆಪತ್ರಿಕೆ ತೆಗೆದಿಲ್ಲ.

"ಗುಬ್ಬಿ ಒಬ್ಬಳೇ ಅಲ್ಲಪ್ಪ," ಅಂದರು ಮೇಡಂ. "ಓದಲ್ಲಿ ಹಿಂದೆ ಬಿದ್ದಿರೋ ಎಲ್ಲರ ಮನೆಗೂ ಹೋಗ್ತಿದೀನಿ. ಒಂದು ದಿನ ತಾನೇ. ಇಲ್ಲಾಂದ್ರೆ ಇಡೀ ಶಾಲೆ ಬೀದಿಗೆ ಬೀಳುತ್ತೆ."

ನನಗೂ ಏಳನೇ ಕ್ಲಾಸಲ್ಲಿ ಇಂಥದೇ ಜ್ವರ ಬರಿಸಿದ್ದರು. ಒಂದು ದಿನ ತಾನೇ ಅಂದಿದ್ದರು ಆಗಿನ ಮೇಷ್ಟ್ರು. ನಾನು ಬೇಡದವನು ಅಂತ ಗೊತ್ತಾದ ಮೇಲೆ ಮಾರನೇ ದಿನ ಯಾವ ಮುಖ ಇಟ್ಕೊಂಡು ಹೋಗಲಿ? ಹೋಗಲೇ ಇಲ್ಲ.

ಮನೆಗೆ ಬಂದರೆ ಅಮ್ಮ ಆಗಲೇ ಒಪ್ಪಿಕೊಂಡು ಕೂತಿದ್ದಳು. "ಕಲಿತೋರು ಹೇಳ್ತಾರೆ ಅಂದ್ಮೇಲೆ ನಿಂದೇನೋ ತಕರಾರು?"

"ಕಲಿತೋರೇ ಕಣಮ್ಮ. ಕಲಿಸೋದೊಂದು ಬಿಟ್ಟು ಎಲ್ಲ ಮಾಡ್ತಿದಾರೆ."

ಗುಬ್ಬಿ ಗೋಡೆ ಕಡೆ ಮುಖ ಮಾಡಿ ಪೆನ್ಸಿಲ್ ಚೂಪು ಮಾಡ್ತಿದ್ದಳು. "ಅಣ್ಣ, ನಂಗೆ ಭಾಗಾಕಾರ ಬರಲ್ಲ."

"ಬರಲ್ಲ ಅಂತ ಅವರಿಗೂ ಗೊತ್ತಾಗ್ಲಿ. ತಿಳಿಯದ ಕಡೆ ಖಾಲಿ ಬಿಡು. ಖಾಲಿಗೆ ಅವರೇ ಉತ್ತರ ಕೊಡ್ಲಿ."

ಬೆಳಿಗ್ಗೆ ಶಾಲೆ ಗೇಟಲ್ಲಿ ಮೇಡಂ ನಿಂತಿದ್ದರು, ಪಕ್ಕದಲ್ಲಿ ಕಾವಲಿನ ತಾತ. ಗುಬ್ಬಿ ಒಂದು ಕೈಯಲ್ಲಿ ನನ್ನ ಕೈ ಹಿಡಿದಿದ್ದಳು, ಇನ್ನೊಂದರಲ್ಲಿ ಪೆನ್ಸಿಲ್.

"ಜ್ವರ ಅಂದಿದ್ನಲ್ಲಪ್ಪ."

"ಹಣೆ ಮುಟ್ಟಿ ನೋಡಿ ಮೇಡಂ."

ಮುಟ್ಟಲಿಲ್ಲ. ವರಾಂಡದಲ್ಲಿ ಇಲಾಖೆಯ ಸಾಹೇಬ ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ಇತ್ತಲೇ ನೋಡ್ತಿದ್ದ. ಮೇಡಂ ದನಿ ಇಳಿಸಿದರು. "ಶಾಲೆ ಮುಚ್ಚಿದ್ರೆ ಪಾಪ ನಿನ್ನ ತಲೆಗೆ."

"ಇವಳನ್ನ ಆಚೆ ನಿಲ್ಲಿಸಿದ್ರೆ, ಇವಳ ಪಾಲಿಗೆ ಇವತ್ತೇ ಮುಚ್ಚಿತಲ್ಲ."

ಗುಬ್ಬಿ ನನ್ನ ಕೈ ಬಿಡಿಸಿಕೊಂಡಳು. ಮೇಡಂ ಪಕ್ಕದಿಂದ ನುಸುಳಿ, ಸೀದಾ ಸಾಹೇಬನ ಮುಂದೆ ಹೋಗಿ ಕೈ ಚಾಚಿದಳು. ಅವನು ಒಂದು ಪತ್ರಿಕೆ ಕೊಟ್ಟ, ಕೊಡದೆ ಏನು ಮಾಡ್ತಾನೆ.

ರಸ್ತೆಯಾಚೆ ಹಾಲಿನ ವ್ಯಾನ್ ಡ್ರೈವರ್ ಎಲ್ಲ ನೋಡ್ತಾ ನಿಂತಿದ್ದ. ಅವನ ಮಗನಿಗೂ ಇವತ್ತು ಮೇಡಂ ಹೇಳಿದ ಜ್ವರ. ವ್ಯಾನ್ ಹತ್ತಿ ಮನೆ ಕಡೆ ತಿರುಗಿಸಿದ.

ಮೇಡಂ ಅದನ್ನೂ ನೋಡಿದರು. "ಗೇಟ್ ಹಾಕಿ," ಅಂದರು ತಾತನಿಗೆ.

ನಾನು ಸಂದಿಗೆ ಕಾಲಿಟ್ಟೆ.

"ತೆಗಿಯಪ್ಪ, ಮೂಳೆ ಮುರಿದೀತು," ಅಂದ ತಾತ.

"ಬೆಲ್ ಇನ್ನೂ ಹೊಡೆದಿಲ್ಲ ತಾತ. ಬರೋರಿದಾರೆ."

ಅವನು ಗೇಟ್ ತಳ್ಳಿದ. ನಾನು ಕಾಲು ತೆಗೆಯಲಿಲ್ಲ.